ಎಮ್ಮೆಲ್ಲೆ ಚೀಟಿ ಮತ್ತು ನಮ್ಮ ಹಕ್ಕು

(ಹಾಸ್ಟೆಲ್ ವಿದ್ಯಾರ್ಥಿಗಳ ಎರಡು ದಿನದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಶಿಬಿರದ ಗೆಳೆಯರು ಬರೆದುಕೊಂಡಿದ್ದನ್ನು ಅಲ್ಲಲ್ಲಿ ತಿದ್ದಿ ಕೊಟ್ಟಿದೆ.)



ನಾವು ವೋಟು ಹಾಕಿ ಕಳಿಸಿದ ಪ್ರತಿನಿಧಿ ನಮ್ಮ ಕಷ್ಟಕ್ಕೆ ಹೇಗೆ ಒದಗಬೇಕು ಅನ್ನೋದು ಈ ಹೊತ್ತು ನನಗೆ ಕೊಟ್ಟಿರುವ ವಿಷಯ. ವಿಷಯ ಓದಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ನಗುವುದರಲ್ಲಿ ತಪ್ಪೇನಿಲ್ಲ. ನಮ್ಮ ಕೇರಿಗಳಿಗೆ ಐದು ವರ್ಷಕ್ಕೊಂದು ಸಲ ಜೀಪು ಬರುತ್ತೆ, ಕೈ ಮುಗಿಯುತ್ತೆ, ಹೋಗುತ್ತೆ. ಆದರೆ ನಕ್ಕು ಸುಮ್ಮನಾದರೆ ನಷ್ಟ ಯಾರಿಗೆ? ಊರಿನ ದೊಡ್ಡ ಜಮೀನುದಾರ ನಕ್ಕು ಸುಮ್ಮನಾಗಲ್ಲ. ಕಂಟ್ರಾಕ್ಟರು ಸುಮ್ಮನಾಗಲ್ಲ. ಅವರಿಗೆ ಎಮ್ಮೆಲ್ಲೆಯಿಂದ ಏನು ಕೆಲಸ ತೆಗೀಬಹುದು ಅಂತ ಚೆನ್ನಾಗಿ ಗೊತ್ತು. ನಮಗೆ ಮಾತ್ರ ಗೊತ್ತಿಲ್ಲ. ಅದಕ್ಕೇ ಈ ಮಾತು ಬೇಕು.

ಯಾವ ತಾಲ್ಲೂಕಿಗಾದರೂ ಹೋಗಿ, ಬೆಳಿಗ್ಗೆ ಏಳು ಗಂಟೆಗೆ ಎಮ್ಮೆಲ್ಲೆ ಮನೆ ಮುಂದೆ ನಿಂತು ನೋಡಿ. ಕಂಟ್ರಾಕ್ಟರು ಒಳಗೆ ಕೂತು ಕಾಫಿ ಕುಡೀತಿರ್ತಾನೆ. ನಮ್ಮೋರು ಗೇಟಿನ ಹತ್ತಿರ, ಚಪ್ಪಲಿ ಬಿಡೋ ಜಾಗದಲ್ಲಿ ನಿಂತಿರ್ತಾರೆ. ಒಬ್ಬಳಿಗೆ ವಿಧವಾ ವೇತನ ನಿಂತಿದೆ. ಒಬ್ಬನ ಮಗನಿಗೆ ಜಾತಿ ಸರ್ಟಿಫಿಕೇಟು ಸಿಕ್ಕಿಲ್ಲ. ಒಬ್ಬನ ತಂಗಿಗೆ ಹಾಸ್ಟೆಲಿನಲ್ಲಿ ಸೀಟು ಬೇಕು. ಎರಡು ಗಂಟೆ ನಿಂತ ಮೇಲೆ ಒಂದು ಚೀಟಿ ಸಿಗುತ್ತೆ. ಅದರಲ್ಲಿ ಏನು ಬರೆದಿರುತ್ತೆ? 'ಸದರಿ ಅರ್ಜಿದಾರರು ನನಗೆ ಪರಿಚಿತರಿದ್ದು, ಇವರ ಮನವಿಯನ್ನು ಪರಿಶೀಲಿಸಿ ಕ್ರಮ ಕೈಗೊಳ್ಳುವುದು.' ಅಷ್ಟೇ. ಆ ಚೀಟಿಯನ್ನು ನಮ್ಮಪ್ಪಂದಿರು ದೇವರ ಪ್ರಸಾದದಂಗೆ ಮಡಿಸಿ ಜೇಬಿನಲ್ಲಿ ಇಟ್ಕೊಂಡು ತಾಲ್ಲೂಕು ಆಫೀಸಿಗೆ ನಡೀತಾರೆ.

ಈ ಚೀಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ವಿಧವಾ ವೇತನ ಕಾನೂನಿನ ಪ್ರಕಾರ ಆ ತಾಯಿಗೆ ಬರಬೇಕಾದ್ದು. ಜಾತಿ ಸರ್ಟಿಫಿಕೇಟು ಆ ಹುಡುಗನಿಗೆ ಸಿಗಬೇಕಾದ್ದು. ಇದಕ್ಕೆ ಎಮ್ಮೆಲ್ಲೆಗೆ ಪರಿಚಯ ಇರಬೇಕು ಅಂತ ಯಾವ ಕಾನೂನಲ್ಲೂ ಇಲ್ಲ. ನಮಗೆ ಬರಬೇಕಾದ್ದನ್ನೇ ತಡೆದು ನಿಲ್ಲಿಸಿ, ಆಮೇಲೆ ಚೀಟಿ ಕೊಟ್ಟು ಬಿಡಿಸಿದರೆ ಅದು ಉಪಕಾರ ಆಗಿಬಿಡುತ್ತೆ. ಉಪಕಾರ ಪಡೆದವನು ಋಣ ತೀರಿಸಬೇಕಲ್ಲ? ಚುನಾವಣೆ ಬಂದಾಗ ವೋಟು ಹಾಕಿ ತೀರಿಸ್ತಾನೆ. ಕೇರಿಗೆ ಅನ್ಯಾಯ ಆದಾಗ ಬಾಯಿ ಮುಚ್ಕೊಂಡು ತೀರಿಸ್ತಾನೆ. ಹಿಂದೆ ಒಂದು ಪಲ್ಲ ರಾಗಿ ಕೊಟ್ಟು ವರ್ಷಗಟ್ಟಲೆ ಜೀತಕ್ಕಿಟ್ಟುಕೊಳ್ತಿದ್ದ ದಣಿಗೂ ಈ ಚೀಟಿಗೂ ಗುಣದಲ್ಲಿ ಏನು ವ್ಯತ್ಯಾಸ? ಜೀತ ಪದ್ಧತಿಯನ್ನು ೧೯೭೬ರ ಕಾನೂನು ರದ್ದು ಮಾಡಿತು. ಚೀಟಿಯ ಜೀತವನ್ನು ರದ್ದು ಮಾಡಬೇಕಾದವರು ನಾವೇ.

ತಹಸೀಲ್ದಾರರು ಚೀಟಿಗೆ ಯಾಕೆ ಹೆದರ್ತಾರೆ ಅಂತ ಕೇಳಬಹುದು. ಎಮ್ಮೆಲ್ಲೆ ತಹಸೀಲ್ದಾರರಿಗೆ ಮೇಲಧಿಕಾರಿ ಅಲ್ಲ. ಆದರೆ ಆ ಜಾಗಕ್ಕೆ ಅವರು ವರ್ಗವಾಗಿ ಬಂದಿರೋದೇ ಎಷ್ಟೋ ಸಲ ಎಮ್ಮೆಲ್ಲೆಯ ಶಿಫಾರಸಿನ ಮೇಲೆ. ಮತ್ತೊಂದು ಶಿಫಾರಸು ಹೋದರೆ ಎತ್ತಂಗಡಿ. ಹೀಗಾಗಿ ಅಧಿಕಾರಿ ಕಾನೂನಿಗೆ ಉತ್ತರ ಹೇಳೋದು ಬಿಟ್ಟು ಫೋನಿಗೆ ಉತ್ತರ ಹೇಳ್ತಾನೆ. ಆ ಫೋನು ಒಂದು ದಿನ ನಮ್ಮ ಪರವಾಗಿ ಬರಬಹುದು. ಒಂಬತ್ತು ದಿನ ನಮ್ಮ ವಿರುದ್ಧ ಬರುತ್ತೆ. ಫೋನನ್ನೇ ನಂಬಿದವನು ಆ ಒಂಬತ್ತು ದಿನ ಏನು ಮಾಡ್ತಾನೆ?

ಹಾಗಾದರೆ ಪ್ರತಿನಿಧಿ ಬೇಡವೇ? ಖಂಡಿತಾ ಬೇಕು. ಆದರೆ ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ವಿಂಗಡಿಸಿಕೊಳ್ಳಬೇಕು. ನಾನು ಮೂರು ಭಾಗ ಮಾಡ್ತೀನಿ.

ಮೊದಲನೇದು, ಪ್ರತಿನಿಧಿಯೇ ಬೇಡವಾದ ಕೆಲಸಗಳು. ಜಾತಿ, ಆದಾಯ ಸರ್ಟಿಫಿಕೇಟು, ಪಿಂಚಣಿ ಇವೆಲ್ಲ. ಕರ್ನಾಟಕದಲ್ಲಿ ೨೦೧೧ರ 'ಸಕಾಲ' ಕಾನೂನು ಇದೆ. ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕು ಅಂತ ಅದು ಗೊತ್ತು ಮಾಡಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ರಸೀತಿ ಕೇಳಿ ತಗೊಳ್ಳಿ. ರಸೀತಿ ಇಲ್ಲದ ಅರ್ಜಿ ಗಾಳಿಗೆ ಹಾಕಿದ ಕಾಗದ. ಅವಧಿ ಮೀರಿದರೆ ಮೇಲ್ಮನವಿ ಹಾಕಿ. ತಡವಾದ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ದುಡ್ಡು ಸಣ್ಣದು, ನಿಜ. ಆದರೆ ಅದು ಸಾಹೇಬನ ಜೇಬಿನಿಂದ ಹೋಗಬೇಕಾದ ದುಡ್ಡು ಅನ್ನೋದನ್ನ ಮರೀಬೇಡಿ. ಹಾಗೇ ೨೦೦೫ರ ಮಾಹಿತಿ ಹಕ್ಕು ಕಾನೂನು. ೧೦ ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ೧೫೦ ಪದದ ಒಳಗೆ. ೩೦ ದಿನದಲ್ಲಿ ಉತ್ತರ ಬರಬೇಕು. ಹಾಸ್ಟೆಲಿನ ಊಟದ ಬಿಲ್ಲು, ಅಕ್ಕಿ ಬೇಳೆ ದಾಸ್ತಾನಿನ ಪುಸ್ತಕ, ಅಧಿಕಾರಿ ಎಷ್ಟು ಸಲ ತಪಾಸಣೆಗೆ ಬಂದಿದ್ದಾರೆ ಅನ್ನೋ ಲೆಕ್ಕ, ಎಲ್ಲಾ ಕೇಳಬಹುದು. ಇದಕ್ಕೆ ಯಾವ ಎಮ್ಮೆಲ್ಲೆ ಮನೆ ಗೇಟೂ ಕಾಯಬೇಕಿಲ್ಲ.

ಎರಡನೇದು, ಪ್ರತಿನಿಧಿ ಕಾನೂನು ಪ್ರಕಾರವೋ ಸರ್ಕಾರದ ಆದೇಶದ ಪ್ರಕಾರವೋ ಕುರ್ಚಿ ಮೇಲೆ ಕೂತು ತೀರ್ಮಾನ ಮಾಡುವ ಕೆಲಸಗಳು. ಇಲ್ಲಿ ಅವರು ಉಪಕಾರ ಮಾಡ್ತಿಲ್ಲ, ಡ್ಯೂಟಿ ಮಾಡ್ತಿದ್ದಾರೆ. ಬಗರ್ ಹುಕುಂ ಸಮಿತಿ ನೋಡಿ. ಸರ್ಕಾರಿ ಜಮೀನನ್ನು ಉಳುಮೆ ಮಾಡ್ಕೊಂಡು ಬಂದಿರೋ ಬಡವರಿಗೆ ಸಕ್ರಮ ಮಾಡಿಕೊಡುವ ಸಮಿತಿ. ಐವತ್ತು, ಐವತ್ತಮೂರು, ಐವತ್ತೇಳನೇ ನಮೂನೆ ಅಂತ ನಿಮ್ಮ ಅಪ್ಪ ಅಮ್ಮ ಅರ್ಜಿ ಹಾಕಿದ್ದು ನೀವು ಕೇಳಿರ್ತೀರಿ. ಆ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಸೀಲ್ದಾರರು ಕಾರ್ಯದರ್ಶಿ. ಅರ್ಜಿಗಳು ಇಪ್ಪತ್ತು, ಮೂವತ್ತು ವರ್ಷ ಕೊಳೆಯುತ್ತವೆ ಅಂದ್ರೆ ಸಮಿತಿ ಕೂತಿಲ್ಲ ಅಂತ ಅರ್ಥ, ಇಲ್ಲಾ ಕೂತು ಬೇರೆಯವರ ಅರ್ಜಿ ನೋಡಿದೆ ಅಂತ ಅರ್ಥ. ಗಂಗಾ ಕಲ್ಯಾಣದ ಕೊಳವೆ ಬಾವಿ ಯಾರಿಗೆ ಅಂತ ಆರಿಸೋ ಸಮಿತಿಗೂ ಶಾಸಕರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನ ಕೆ.ಡಿ.ಪಿ. ಸಭೆ ನಡೆಸೋರೂ ಅವರೇ. ಎಲ್ಲ ಇಲಾಖೆಯ ಅಧಿಕಾರಿಗಳು ಅಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೂ ನಿಲ್ಲಬೇಕು. ನಿಮ್ಮ ಹಾಸ್ಟೆಲಿನ ನೀರಿಲ್ಲದ ಬಾತ್‌ರೂಮಿನ ಮಾತು ಎತ್ತಬೇಕಾದ ಜಾಗ ಅದು.

ಹಣದ ವಿಚಾರ. ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಕ್ಷೇತ್ರದ ಅಭಿವೃದ್ಧಿಗೆ ಅಂತ ವರ್ಷಕ್ಕೆ ೨ ಕೋಟಿ ರೂಪಾಯಿ ಗೊತ್ತು ಮಾಡಿದೆ. ಲೋಕಸಭಾ ಸದಸ್ಯರಿಗೆ ವರ್ಷಕ್ಕೆ ೫ ಕೋಟಿ. ೧೯೯೩ರಲ್ಲಿ ಶುರುವಾದ ಯೋಜನೆ ಇದು. ಈ ಹಣ ಅವರ ಕೈಗೆ ಬರಲ್ಲ. ಅವರು ಕೆಲಸ ಸೂಚಿಸ್ತಾರೆ, ಜಿಲ್ಲಾಡಳಿತ ಮಂಜೂರು ಮಾಡುತ್ತೆ. ಎಂಪಿ ನಿಧಿಯಲ್ಲಿ ನೂರಕ್ಕೆ ೧೫ ಭಾಗ ಪರಿಶಿಷ್ಟ ಜಾತಿಯವರು ವಾಸ ಮಾಡುವ ಜಾಗಕ್ಕೆ, ಏಳೂವರೆ ಭಾಗ ಪರಿಶಿಷ್ಟ ವರ್ಗದವರ ಜಾಗಕ್ಕೆ ಸೂಚಿಸಬೇಕು ಅಂತ ನಿಯಮ ಇದೆ. ನಿಮ್ಮ ಜಿಲ್ಲೆಯಲ್ಲಿ ಆ ೧೫ ಭಾಗ ಯಾವ ಕೇರಿಗೆ ಬಂತು? ನಮ್ಮ ಕೇರಿ ಹೆಸರಲ್ಲಿ ಊರ ಮುಂದಿನ ಕಮಾನು ಕಟ್ಟಿದರೋ? ಕೇಳಬೇಕಾದ ಪ್ರಶ್ನೆ ಅದು.

ಇನ್ನೊಂದು ಕುರ್ಚಿ ಇದೆ. ಅದನ್ನು ನಮ್ಮ ಎಷ್ಟೋ ಜನ ಶಾಸಕರು ಮರೆತೇ ಬಿಟ್ಟಿದ್ದಾರೆ. ದೌರ್ಜನ್ಯ ತಡೆ ಕಾನೂನು ಬಂದದ್ದು ೧೯೮೯ರಲ್ಲಿ, ಅದರ ನಿಯಮಗಳು ೧೯೯೫ರಲ್ಲಿ. ಆ ನಿಯಮಗಳಲ್ಲಿ ಹದಿನೇಳನೇದು ಹೇಳುತ್ತೆ: ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಇರಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ಜಿಲ್ಲೆಯ ಎಂಪಿಗಳು, ಎಮ್ಮೆಲ್ಲೆಗಳು, ಎಮ್ಮೆಲ್ಸಿಗಳು ಅದರ ಸದಸ್ಯರು. ರಾಜ್ಯ ಮಟ್ಟದ ಸಮಿತಿಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಅದು ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ಕೇಸು ಏನಾಯಿತು, ಪರಿಹಾರ ಕೊಟ್ಟರೇ, ಸಾಕ್ಷಿಗಳಿಗೆ ರಕ್ಷಣೆ ಇದೆಯೇ ಅಂತ ವಿಚಾರಿಸುವ ಸಮಿತಿಗಳು ಇವು. ಆದರೆ ಹಳ್ಳಿಯಲ್ಲಿ ನಡೆಯೋದು ಏನು? ಬಹಿಷ್ಕಾರ ಆಯಿತು, ಹೊಡೆದಾಟ ಆಯಿತು ಅಂದ್ರೆ ಎಮ್ಮೆಲ್ಲೆ ಕಡೆಯವರು ಬಂದು 'ರಾಜಿ ಮಾಡ್ಕೊಳ್ರಪ್ಪ, ಊರಲ್ಲಿ ಬಾಳಿ ಬದುಕಬೇಕಲ್ಲ' ಅಂತಾರೆ. ಕಾನೂನು ಅವರನ್ನು ಕೂರಿಸಿರೋದು ಉಸ್ತುವಾರಿಗೆ. ಅವರು ಕೂರೋದು ರಾಜಿ ಪಂಚಾಯ್ತಿ ಕಟ್ಟೆಗೆ. ಈ ಎರಡು ಜಾಗದ ನಡುವಿನ ದೂರವನ್ನು ನೀವು ಅಳೀಬೇಕು.

ಮೂರನೇದು, ಪ್ರತಿನಿಧಿ ಮಾತ್ರ ಮಾಡಬಹುದಾದ ಕೆಲಸಗಳು. ಪ್ರಶ್ನೆ ಕೇಳೋದು, ಬಜೆಟ್ಟಿನ ಮೇಲೆ ಮಾತಾಡೋದು, ಕಾನೂನು ಮಾಡೋದು. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತಿದೆ. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ. ಗಮನ ಸೆಳೆಯುವ ಸೂಚನೆ ಇದೆ, ಅರ್ಜಿಗಳ ಸಮಿತಿ ಇದೆ, ಮಂತ್ರಿ ಕೊಟ್ಟ ಭರವಸೆ ಏನಾಯಿತು ಅಂತ ನೋಡೋಕೆ ಭರವಸೆಗಳ ಸಮಿತಿ ಇದೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣ ಸಮಿತಿ ಇದೆ. ಒಂದು ಚೀಟಿ ಒಬ್ಬನ ಕೆಲಸ ಮಾಡಬಹುದು. ಒಂದು ಒಳ್ಳೇ ಪ್ರಶ್ನೆ ಒಂದು ಜಿಲ್ಲೆಯ ಹಾಸ್ಟೆಲುಗಳ ಬೀಗ ತೆಗೆಸಬಹುದು.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ಚರಿತ್ರೆ ನೋಡಿ.

ಬಾಬಾಸಾಹೇಬರು ೧೯೨೭ರಲ್ಲಿ ಮುಂಬೈ ಶಾಸನ ಪರಿಷತ್ತಿಗೆ ನಾಮಕರಣ ಸದಸ್ಯರಾಗಿ ಹೋದರು. ಆಗ ನಮ್ಮ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಎಲ್ಲಾ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಆದ್ದರಿಂದ ಅವರು ಅಲ್ಲಿ ಆಡಿದ ಮಾತು ನಮ್ಮ ಕಡೆಯ ಕೇರಿಗಳಿಗೂ ಸೇರಿದ್ದು. ಅವರು ಅಲ್ಲಿ ಹೋಗಿ ಚೀಟಿ ಬರೆಯುತ್ತಾ ಕೂರಲಿಲ್ಲ. ಶಿಕ್ಷಣಕ್ಕೆ ಸರ್ಕಾರ ಎಷ್ಟು ಖರ್ಚು ಮಾಡ್ತಿದೆ ಅಂತ ಲೆಕ್ಕ ಹಿಡಿದು ಕೇಳಿದರು. ಶಿಕ್ಷಣ ಅನ್ನೋದು ಕೊಟ್ಟಷ್ಟು ವಸೂಲು ಮಾಡುವ ವ್ಯಾಪಾರ ಅಲ್ಲ ಅಂತ ವಾದ ಮಾಡಿದರು. ೧೯೨೮ರಲ್ಲಿ ದಲಿತ ಹೈಸ್ಕೂಲು ವಿದ್ಯಾರ್ಥಿಗಳಿಗೆ ಸರ್ಕಾರ ಕೆಲವು ಹಾಸ್ಟೆಲುಗಳನ್ನು ಮಂಜೂರು ಮಾಡಿತು. ಅವನ್ನು ನಡೆಸೋಕೆ ಬಾಬಾಸಾಹೇಬರು ಒಂದು ಶಿಕ್ಷಣ ಸಂಸ್ಥೆ ಕಟ್ಟಿದರು. ಆ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದ್ದು. ಹಾಸ್ಟೆಲ್ ಹುಡುಗರೇ, ನೀವು ಮಲಗುವ ಚಾಪೆಗೆ ಇಷ್ಟು ಉದ್ದದ ಚರಿತ್ರೆ ಇದೆ.

ಅದೇ ೧೯೨೮ರಲ್ಲಿ ಅವರು ವತನ ಪದ್ಧತಿ ತಿದ್ದುವ ಮಸೂದೆ ತಂದರು. ವತನ ಅಂದ್ರೆ ಒಂದು ತುಂಡು ಜಮೀನು ಕೊಟ್ಟು ಇಡೀ ಕುಲವನ್ನು ಊರಿನ ಬಿಟ್ಟಿ ಚಾಕರಿಗೆ ಕಟ್ಟಿಹಾಕೋದು. ನಮ್ಮಲ್ಲಿ ತೋಟಿ, ತಳವಾರ, ನೀರಗಂಟಿ ಅಂತಿದ್ದರಲ್ಲ, ಅಂಥದ್ದೇ. ಆ ಮಸೂದೆ ಅಂದು ಪಾಸಾಗಲಿಲ್ಲ. ಆದರೆ ಬೀಜ ಬಿತ್ತು. ನಮ್ಮ ರಾಜ್ಯದಲ್ಲಿ ಗ್ರಾಮ ಚಾಕರಿಗಳನ್ನು ರದ್ದು ಮಾಡೋ ಕಾನೂನು ೧೯೬೧ರಲ್ಲಿ ಆಯಿತು. ೧೯೩೭ರಲ್ಲಿ ಖೋತಿ ಜಮೀನ್ದಾರಿ ರದ್ದು ಮಾಡೋ ಮಸೂದೆ ತಂದಾಗ ಬಾಬಾಸಾಹೇಬರು ಒಬ್ಬರೇ ಸದನಕ್ಕೆ ಹೋಗಿ ಸುಮ್ಮನಾಗಲಿಲ್ಲ. ೧೯೩೮ರ ಜನವರಿಯಲ್ಲಿ ಕೊಂಕಣದ ಸಾವಿರಾರು ರೈತರು ಮುಂಬೈ ಬೀದಿಯಲ್ಲಿ ಸದನದ ಕಡೆಗೆ ನಡೆದರು. ಒಳಗೆ ಮಸೂದೆ, ಹೊರಗೆ ಜನ. ಈ ಎರಡು ಕಾಲನ್ನು ನೆನಪಿಟ್ಟುಕೊಳ್ಳಿ. ಒಂದೇ ಕಾಲಲ್ಲಿ ನಡೆಯೋಕಾಗಲ್ಲ.

ಮಹಾಡದ ಕೆರೆಯ ಕತೆ ನಿಮಗೆ ಗೊತ್ತು. ಅದರ ಹಿಂದಿನ ಕತೆ ಎಷ್ಟು ಜನಕ್ಕೆ ಗೊತ್ತು? ೧೯೨೩ರಲ್ಲಿ ಎಸ್.ಕೆ. ಬೋಲೆ ಅನ್ನೋ ಸದಸ್ಯರು ಮುಂಬೈ ಪರಿಷತ್ತಿನಲ್ಲಿ ಒಂದು ನಿರ್ಣಯ ತಂದು ಪಾಸು ಮಾಡಿಸಿದರು. ಸಾರ್ವಜನಿಕ ಕೆರೆ, ಬಾವಿ, ಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ೧೯೨೪ರಲ್ಲಿ ಮಹಾಡದ ಪುರಸಭೆಯೂ ಕೆರೆ ತೆರೆದಿದೆ ಅಂತ ತೀರ್ಮಾನ ಬರೆಯಿತು. ಪ್ರತಿನಿಧಿಗಳ ಕೆಲಸ ಆಯಿತು. ನೀರು ಸಿಕ್ಕಿತೇ? ಇಲ್ಲ. ನಿರ್ಣಯ ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಮ್ಮೋರು ಬಾಯಾರಿ ನಿಂತಿದ್ದರು. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರ ಹಿಂದೆ ಜನ ನಡೆದು ಹೋಗಿ ಬೊಗಸೆಯಲ್ಲಿ ನೀರು ಕುಡಿದಾಗ ಆ ಕಾಗದಕ್ಕೆ ಜೀವ ಬಂತು. ಮೇಲುಜಾತಿಯವರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ನಮ್ಮವರ ಕಡೆ ತೀರ್ಪಾಗಿದ್ದು ೧೯೩೭ರಲ್ಲಿ. ಕಾನೂನು ಇಲ್ಲದೆ ನಡೆದಿದ್ದರೆ ಹೊಡೆತ ಮಾತ್ರ ಉಳೀತಿತ್ತು. ನಡೆಯದೆ ಕೂತಿದ್ದರೆ ಕಾಗದ ಮಾತ್ರ ಉಳೀತಿತ್ತು.

ಹತ್ತಿರದ್ದು ಹೇಳ್ತೀನಿ. ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಒಬ್ಬ ಪ್ರತಿನಿಧಿ ಕೈಗೆ ಅಧಿಕಾರ ಬಂದಾಗ ಏನು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ೧೯೭೩ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಎದ್ದ ಗಲಾಟೆಯಲ್ಲಿ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಹಾಸ್ಟೆಲುಗಳ ಮೇಲೆ ದಾಳಿ ನಡೆಯಿತು. ಆ ಹೊತ್ತು ಅವರ ಪರ ಬೀದಿಗಿಳಿದವರು ನಿಮ್ಮಂಥ ವಿದ್ಯಾರ್ಥಿಗಳೇ. ದಲಿತ ಚಳುವಳಿ ಮೈ ತುಂಬಿಕೊಂಡಿದ್ದು ಅಲ್ಲಿಂದಲೇ. ಬೆನ್ನ ಹಿಂದೆ ಸಂಘಟನೆ ಇಲ್ಲದಿದ್ದರೆ ಎಂಥ ದಿಟ್ಟ ಪ್ರತಿನಿಧಿಯನ್ನೂ ಒಂದು ಮಾತಿಗೆ ಕೆಳಗಿಳಿಸಬಹುದು ಅನ್ನೋ ಪಾಠ ಅದು.

ಈಗ ಕಷ್ಟದ ಪ್ರಶ್ನೆಗೆ ಬರ್ತೀನಿ. ನಮ್ಮ ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ೩೬ ಪರಿಶಿಷ್ಟ ಜಾತಿಗೆ, ೧೫ ಪರಿಶಿಷ್ಟ ವರ್ಗಕ್ಕೆ ಮೀಸಲು. ೫೧ ಜನ! ಒಟ್ಟಿಗೆ ಎದ್ದು ನಿಂತರೆ ಯಾವ ಸರ್ಕಾರವೂ ನಡುಗಬೇಕು. ಯಾಕೆ ನಿಲ್ಲಲ್ಲ? ಅವರೆಲ್ಲ ಕೆಟ್ಟವರು ಅಂತ ಬೈದು ಮುಗಿಸೋದು ಸುಲಭ. ಕಾರಣ ಹುಡುಕೋಣ. ೧೯೩೨ರ ಕಮ್ಯುನಲ್ ಅವಾರ್ಡು ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಪ್ರತ್ಯೇಕ ಮತ ಕೊಟ್ಟಿತ್ತು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ ೨೪ರಂದು ಪೂನಾ ಒಪ್ಪಂದ ಆಯಿತು. ಪ್ರಾಂತ್ಯಗಳ ಸದನಗಳಲ್ಲಿ ೭೧ ಇದ್ದ ಸ್ಥಾನ ೧೪೮ ಆಯಿತು. ಎಣಿಕೆ ಹೆಚ್ಚಿತು, ಆದರೆ ಆರಿಸುವ ಕೈ ಬದಲಾಯಿತು. ಇವತ್ತು ಮೀಸಲು ಕ್ಷೇತ್ರದಲ್ಲಿ ನಿಲ್ಲೋನು ನಮ್ಮೋನೇ, ಗೆಲ್ಲಿಸೋ ವೋಟಿನಲ್ಲಿ ಬಹುಪಾಲು ಊರಿನದು, ಟಿಕೆಟ್ಟು ಪಕ್ಷದ್ದು. ಪಕ್ಷದ ವಿಪ್ ಮೀರಿ ವೋಟು ಹಾಕಿದರೆ ೧೯೮೫ರ ಪಕ್ಷಾಂತರ ಕಾನೂನಿನಲ್ಲಿ ಸ್ಥಾನವೇ ಹೋಗುತ್ತೆ. ಹೀಗಾಗಿ ಅವನು ಕೇರಿಗೆ ಬರುವಾಗ ತಮ್ಮ, ಊರಿಗೆ ಹೋದಾಗ ಆಳು.

ಆದರೂ ಗಮನಿಸಿ. ವಿಪ್ ಇರೋದು ವೋಟು ಹಾಕೋದಕ್ಕೆ. ಪ್ರಶ್ನೆ ಕೇಳೋಕೆ, ಉಸ್ತುವಾರಿ ಸಮಿತಿಗೆ ಹೋಗೋಕೆ, ಬಗರ್ ಹುಕುಂ ಅರ್ಜಿ ತೆಗೆಯೋಕೆ ಯಾವ ವಿಪ್ಪೂ ಅಡ್ಡ ಇಲ್ಲ. ಅವರಿಗಿರೋದು ಊರಿನ ಭಯ. ಆ ಭಯಕ್ಕೆ ಎದುರಾಗಿ ನಮ್ಮ ಸಂಘಟನೆಯ ಭಯವೂ, ನಮ್ಮ ಬೆಂಬಲದ ಧೈರ್ಯವೂ ಎರಡೂ ಅವರಿಗೆ ಕಾಣಬೇಕು. ಮೀಸಲು ಕ್ಷೇತ್ರ ಅಲ್ಲದ ಕಡೆಯ ಶಾಸಕನೂ ನಮ್ಮ ವೋಟಿನಿಂದಲೇ ಗೆದ್ದಿರ್ತಾನೆ. ಅವನನ್ನೂ ಕೇಳಬೇಕು.

ಹೀಗೆ ಕೇಳಿ ಗೆದ್ದ ಕೆಲಸ ಇದೆ. ೧೯೭೮ರ ಪಿ.ಟಿ.ಸಿ.ಎಲ್. ಕಾನೂನು ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರಾದರೂ ಬರೆಸಿಕೊಂಡಿದ್ದರೆ ವಾಪಸು ಕೊಡಿಸುತ್ತೆ. ೨೦೧೭ರಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನು ತಕ್ಕ ಕಾಲದೊಳಗೆ ಹಾಕಬೇಕು ಅಂದಿತು. ತಡವಾಯಿತು ಅನ್ನೋ ಕಾರಣ ಕೊಟ್ಟು ಎಷ್ಟೋ ಜನರ ಕೇಸು ಬಿದ್ದು ಹೋದವು. ಜಮೀನು ಕಳಕೊಂಡವರು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ೨೦೨೩ರಲ್ಲಿ ಸದನ ತಿದ್ದುಪಡಿ ಮಾಡಿ, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿತು. ಕೋರ್ಟುಗಳಲ್ಲಿ ತಕರಾರು ಅಲ್ಲಿಗೇ ಮುಗಿಯಲಿಲ್ಲ, ನಿಜ. ಆದರೆ ಧರಣಿ ಇಲ್ಲದಿದ್ದರೆ ಆ ತಿದ್ದುಪಡಿ ಬರುತ್ತಿತ್ತೇ?

೨೦೧೩ರ ಉಪಯೋಜನೆ ಕಾನೂನೂ ಹಾಗೇ. ೨೦೧೧ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ ೧೭.೧೫, ಪರಿಶಿಷ್ಟ ವರ್ಗ ೬.೯೫. ಅಭಿವೃದ್ಧಿ ಹಣದಲ್ಲಿ ಅಷ್ಟು ಪಾಲು ನಮಗೆ ತೆಗೆದಿಡಬೇಕು ಅಂತ ಆ ಕಾನೂನು. ಅದರಲ್ಲೇ ಏಳು-ಡಿ ಅನ್ನೋ ಒಂದು ತೂತು ಇತ್ತು. ಎಲ್ಲರಿಗೂ ಮಾಡಿದ ರಸ್ತೆ, ಸೇತುವೆಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯೋರು. ಹೋರಾಟ ಆದ ಮೇಲೆ ೨೦೨೩ರಲ್ಲಿ ಅದನ್ನು ತೆಗೆದರು. ಆಮೇಲೂ ಈ ಹಣದ ಒಂದು ಭಾಗ ಗ್ಯಾರಂಟಿ ಯೋಜನೆಗಳಿಗೆ ಹೋಗಿದೆ. ಅದರ ಫಲ ನಮ್ಮ ಜನಕ್ಕೇ ಸೇರುತ್ತೆ ಅಂತ ಸರ್ಕಾರ ಹೇಳುತ್ತೆ. ಎಲ್ಲರಿಗೂ ಕೊಡೋದನ್ನ ನಮಗೂ ಕೊಟ್ಟು, ನಮ್ಮ ಪಾಲಿನ ಹಣದಿಂದ ಯಾಕೆ ಕೊಡಬೇಕು ಅಂತ ನಾವು ಕೇಳಬೇಕು. ನಮ್ಮ ಪ್ರತಿನಿಧಿ ಬಾಯಿಂದ ಕೇಳಿಸಬೇಕು.

ಕೊನೆಗೆ, ಹಾಸ್ಟೆಲಿನಲ್ಲಿರುವ ನೀವು ಏನು ಮಾಡಬೇಕು? ಕೇರಿಯಲ್ಲಿ ಓದು ಬರಹ ಬಲ್ಲವರು ನೀವು. ನಿಮ್ಮಪ್ಪ ಜೇಬಿನಲ್ಲಿಟ್ಟುಕೊಂಡ ಚೀಟಿಯಲ್ಲಿ ಏನಿದೆ ಅಂತ ಓದಿ ಹೇಳಬಲ್ಲವರು ನೀವು.

ನಿಮ್ಮ ಊರಿನ ಅರ್ಜಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾರದು, ಯಾವ ತಾರೀಖು, ರಸೀತಿ ಇದೆಯೇ ಅಂತ. ಮೊದಲನೇ ಭಾಗದ ಕೆಲಸಕ್ಕೆ ಎಮ್ಮೆಲ್ಲೆ ಮನೆಗೆ ಯಾರನ್ನೂ ಕಳಿಸಬೇಡಿ. ನೀವೇ ಅರ್ಜಿ ಬರೆದುಕೊಡಿ. ಎರಡನೇ ಭಾಗಕ್ಕೆ ಬಗರ್ ಹುಕುಂ ಸಮಿತಿ, ಉಸ್ತುವಾರಿ ಸಮಿತಿ ಯಾವ ಯಾವ ದಿನ ಸೇರಿತು, ನಿಮ್ಮ ಶಾಸಕರು ಬಂದಿದ್ದರೇ ಅಂತ ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿ, ಕೇರಿಯಲ್ಲಿ ಗಟ್ಟಿಯಾಗಿ ಓದಿ. ವಾರ್ಡ್ ಸಭೆ, ಗ್ರಾಮಸಭೆ ತಪ್ಪಿಸಬೇಡಿ. ಮನೆ ಯಾರಿಗೆ ಅಂತ ಆರಿಸಬೇಕಾದ್ದು ಅಲ್ಲಿ. ನಮ್ಮ ಹೆಣ್ಣುಮಕ್ಕಳು ಪಂಚಾಯ್ತಿ ಮೆಂಬರುಗಳಾಗಿದ್ದರೆ ಅವರ ಜೊತೆ ಹೋಗಿ ಕೂತ್ಕೊಳ್ಳಿ, ಅವರ ಗಂಡಂದಿರ ಜೊತೆ ಅಲ್ಲ.

ಮೂರನೇ ಭಾಗಕ್ಕೆ ಶಾಸಕರ ಮನೆಗೆ ಹೋಗಿ. ಆದರೆ ಒಬ್ಬೊಬ್ಬರಾಗಿ ಹೋಗಬೇಡಿ, ಒಟ್ಟಿಗೆ ಹೋಗಿ. ಕೈಯಲ್ಲಿ ಹಾರ ಬೇಡ, ಬರೆದ ಪ್ರಶ್ನೆ ಇರಲಿ. ಈ ರೀತಿ: 'ನಮ್ಮ ತಾಲ್ಲೂಕಿನ ಎಷ್ಟು ಹಳ್ಳಿಗಳಲ್ಲಿ ಪರಿಶಿಷ್ಟರಿಗೆ ಸ್ಮಶಾನದ ಜಾಗ ಇಲ್ಲ? ಜಾಗ ಗುರುತಿಸಿದ್ದರೆ ಯಾವ ಸರ್ವೆ ನಂಬರು? ಯಾವಾಗ ಹದ್ದುಬಸ್ತು ಮಾಡಿಕೊಡುತ್ತೀರಿ?' ಇದನ್ನು ಮುಂದಿನ ಅಧಿವೇಶನದಲ್ಲಿ ಕೇಳಿ ಅಂತ ಕೊಡಿ. ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಕೇಳಿದರೆ ಆ ಉತ್ತರವನ್ನು ಊರೂರಿಗೆ ಹಂಚಿ, ಅವರ ಹೆಸರು ಹೇಳಿ ಮೆಚ್ಚಿಕೊಳ್ಳಿ. ಒಳ್ಳೇ ಕೆಲಸ ಮಾಡಿದವರನ್ನು ಒಂಟಿ ಮಾಡಬಾರದು. ಕೇಳದಿದ್ದರೆ ಅದನ್ನೂ ಊರೂರಿಗೆ ಹೇಳಿ.

ಸತ್ತವರನ್ನು ಮಣ್ಣು ಮಾಡೋಕೆ ಮೂರು ಅಡಿ ಜಾಗ ಇಲ್ಲದೆ ಹೆಣ ಹೊತ್ತುಕೊಂಡು ಹಳ್ಳದ ದಂಡೆಗೆ ಹೋಗುವ ಜನ ನಾವು. ಆ ಮೂರು ಅಡಿಯನ್ನು ಯಾರ ಕಾಲಿಗೂ ಬೀಳದೆ ತಗೋಬೇಕು. ಬಾಬಾಸಾಹೇಬರು ನಮಗೆ ವೋಟು ಕೊಡಿಸಿದ್ದು ಗೇಟಿನ ಹತ್ತಿರ ಕೈ ಕಟ್ಟಿ ನಿಲ್ಲೋಕಲ್ಲ, ಲೆಕ್ಕ ಕೇಳೋಕೆ.

ನಾಳೆ ಬೆಳಿಗ್ಗೆ ಹಾಸ್ಟೆಲಿಗೆ ವಾಪಸು ಹೋದ ಕೂಡಲೇ ಆ ನೋಟ್‌ಬುಕ್ಕಿನ ಮೊದಲ ಹಾಳೆ ಬರೆಯಿರಿ. ಮುಂದಿನ ಶಿಬಿರಕ್ಕೆ ಬರುವಾಗ ಅದನ್ನು ತನ್ನಿ.

ಜೈ ಭೀಮ್.